ಲಗ್ನ ಮುಂದಕ್ಕೆ ಹಾಕಿಸುವುದು ಹೇಗೆ? ಹದಿನೆಂಟು ತುಂಬದ ಹುಡುಗಿಯ ಮನೆಯವರನ್ನು ಒಪ್ಪಿಸಲು ಒಂದು ಮಾರ್ಗದರ್ಶಿ

ಸಂಕ್ರಾಂತಿ ಕಳೆದು ಯುಗಾದಿ ಸಮೀಪಿಸಿತೆಂದರೆ ಸಾಕು, ಮಸ್ಕಿ, ಸಿಂಧನೂರು, ಕುಷ್ಟಗಿ, ಯಲಬುರ್ಗಾ, ಸಿರುಗುಪ್ಪ ಕಡೆಯ ಓದುಗರು ಕೇಳುವ ಪ್ರಶ್ನೆ ಒಂದೇ. “ನಮ್ಮ ಸಾಲ್ಯಾಗ ಓದೋ ಹುಡುಗಿಗೆ ಲಗ್ನ ಗೊತ್ತು ಮಾಡ್ಯಾರ್ರಿ. ಕಂಪ್ಲೇಂಟ್ ಕೊಟ್ಟರ ಊರವರೆಲ್ಲ ನನ್ನ ಮ್ಯಾಲೆ ಬೀಳ್ತಾರ. ಬಾಯಿಲೆ ಹೇಳಿದರ ಕೇಳವಲ್ಲರು. ಏನ್ ಮಾಡ್ಲಿ?” ಕೇಳುವವರು ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು, ಹಾಸ್ಟೆಲ್ ವಾರ್ಡನ್‌ಗಳು, ಸ್ವಸಹಾಯ ಸಂಘದ ಮಹಿಳೆಯರು. ಕೆಲವೊಮ್ಮೆ ಆ ಹುಡುಗಿಯ ಒಡಹುಟ್ಟಿದ ಅಕ್ಕನೇ ಕೇಳುತ್ತಾಳೆ.

ಬಾಯಿಂದ ಹೇಳಿ ಕೇಳಿಸುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇವರ ತಂದೆ-ತಾಯಿಗೆ ಕಾನೂನು ಗೊತ್ತಿರಲಿಲ್ಲ ಎಂದುಕೊಂಡು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಗೋಡೆಬರಹ, ಜಾಥಾ, ಗ್ರಾಮಸಭೆ, ಎಲ್ಲ ಸೇರಿ ಹದಿನೆಂಟು ಎಂಬ ಸಂಖ್ಯೆ ನಮ್ಮ ಜಿಲ್ಲೆಗಳ ಮನೆಮನೆಗೂ ಮುಟ್ಟಿದೆ. ಗೊತ್ತಿದ್ದೂ ಮಾಡುತ್ತಾರೆ. ಅವರನ್ನು ಒಳಗಿನಿಂದ ಯಾವುದೋ ಒಂದು ಭಯ ನೂಕುತ್ತಿರುತ್ತದೆ. ಆ ಭಯ ಯಾವುದೆಂದು ಹುಡುಕಿ, ಅದಕ್ಕೆ ಬೇರೆ ದಾರಿ ತೋರಿಸಿ, ಮರ್ಯಾದೆ ಹೋಗದಂತೆ ಹಿಂದೆ ಸರಿಯಲು ಜಾಗ ಮಾಡಿಕೊಡುವುದೇ ನಿಮ್ಮ ಕೆಲಸ. ವಾದದಲ್ಲಿ ಗೆಲ್ಲುವುದು ನಿಮ್ಮ ಕೆಲಸವಲ್ಲ.

ಮನವೊಲಿಸುವ ಹೊತ್ತು ಮೀರಿದೆಯೇ? ಮೊದಲು ನೋಡಿ

ಕೆಳಗಿನ ಹಂತಗಳಿಗೆ ಕನಿಷ್ಠ ಮೂರು-ನಾಲ್ಕು ವಾರ ಬೇಕು. ಲಗ್ನ ಇನ್ನೊಂದು ವಾರದಲ್ಲಿದ್ದರೆ, ಹುಡುಗಿಯನ್ನು ಕೂಡಿಹಾಕಿದ್ದರೆ, ಹೊಡೆದಿದ್ದರೆ, ಬೇರೆ ಊರಿಗೆ ಸಾಗಿಸುವ ಸುಳಿವಿದ್ದರೆ, ಹುಡುಗಿಯ ಬದಲಿಗೆ ಹಣ ಕೈ ಬದಲಾದ ವಾಸನೆ ಬಂದರೆ, ಈ ಲೇಖನ ಬದಿಗಿಡಿ. 1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಹತ್ತುವುದಿಲ್ಲ, ಕರೆ ಮಾಡಿದವರ ಹೆಸರನ್ನು ಹೊರಗೆ ಬಿಡುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ 112. ಹಿಂದೆ ಒಮ್ಮೆ ಮುಚ್ಚಳಿಕೆ ಬರೆದುಕೊಟ್ಟ ಮನೆಯೇ (ಮುಚ್ಚಳಿಕೆ ಎಂದರೆ “18 ತುಂಬುವವರೆಗೆ ಮದುವೆ ಮಾಡುವುದಿಲ್ಲ” ಎಂದು ಅಧಿಕಾರಿಗಳ ಮುಂದೆ ಸಹಿ ಹಾಕಿದ ಪತ್ರ) ಮತ್ತೆ ತಯಾರಿ ನಡೆಸಿದ್ದರೂ ಅಷ್ಟೆ, ಮಾತಿನಲ್ಲಿ ದಿನ ಕಳೆಯಬೇಡಿ.

ಇಲ್ಲಿ ಹಿಂಜರಿಯಬಾರದು. “ಇನ್ನೊಂದು ಸಲ ಹೇಳಿ ನೋಡೋಣ” ಎನ್ನುವ ಒಳ್ಳೆಯತನದಿಂದ ಎಷ್ಟೋ ಹುಡುಗಿಯರ ಲಗ್ನ ಬೆಳಗಿನ ಜಾವ ಯಾವುದೋ ಗುಡಿಯಲ್ಲಿ ಮುಗಿದುಹೋಗಿದೆ.

ಬೇಕಾದ ತಯಾರಿ

ಹುಡುಗಿಯ ವಯಸ್ಸಿನ ದಾಖಲೆ, ಜೊತೆಗೆ ಬರಲು ಒಬ್ಬರು, ಪದೇಪದೇ ಹೋಗುವಷ್ಟು ತಾಳ್ಮೆ. ಆ ಊರಿನಿಂದ ಕಾಲೇಜಿಗೆ, ಹಾಸ್ಟೆಲಿಗೆ ಇರುವ ಬಸ್ಸಿನ ಸಮಯವನ್ನೂ ತಿಳಿದುಕೊಂಡಿರಿ. ಜೊತೆಗಾರರನ್ನು ಆರಿಸುವಾಗ ಎಚ್ಚರ ವಹಿಸಿ. ಆ ಮನೆಯವರು ಗೌರವ ಕೊಡುವ, ಅವರದೇ ಓಣಿಯ ಅಥವಾ ಬಳಗದ ಹಿರಿಯರು ಸಿಕ್ಕರೆ ಅರ್ಧ ಕೆಲಸ ಆದಂತೆ. ರಾಜಕೀಯದವರು ಬೇಡ. ಪಂಚಾಯಿತಿ ಚುನಾವಣೆಯ ಹಗೆ ನಿಮ್ಮ ಮಾತಿಗೂ ಅಂಟಿಕೊಳ್ಳುತ್ತದೆ.

ಹಂತ 1: ವಯಸ್ಸು ಖಚಿತ ಮಾಡಿಕೊಳ್ಳಿ

ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನಾಂಕ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಹೇಳುವ ಕ್ರಮವೇ ಇದು.

ಇಲ್ಲಿ ಜನ ಎಡವುವುದು ಆಧಾರ್ ಕಾರ್ಡಿನಲ್ಲಿ. “ಆಧಾರ್‌ದಾಗ ಹದಿನೆಂಟು ಆಗೈತ್ರಿ” ಎಂದು ಕಾರ್ಡ್ ತೋರಿಸುತ್ತಾರೆ. ಆಧಾರ್ ಗುರುತಿನ ಚೀಟಿ, ಹುಟ್ಟಿದ ದಿನಕ್ಕೆ ಪುರಾವೆಯಲ್ಲ. ಹಾಗಂತ ಮನೆಯವರ ಮುಖದ ಮೇಲೆ “ತಿದ್ದಿಸಿದ್ದೀರಿ” ಎಂದು ಹೇಳಬೇಡಿ. ಶಾಲೆಯ ದಿನಾಂಕ ನಿಮಗೆ ಗೊತ್ತಿದ್ದರೆ ಸಾಕು, ಅದನ್ನು ಹೊರಗೆ ತೆಗೆಯುವ ಹೊತ್ತು ಮುಂದೆ ಬರುತ್ತದೆ.

ಹಂತ 2: ಆ ಮನೆಯಲ್ಲಿ ಮಾತು ಯಾರದು?

ಶಿಕ್ಷಕರು ಸಾಮಾನ್ಯವಾಗಿ ತಾಯಿಯನ್ನು ಶಾಲೆಗೆ ಕರೆಸಿ ಹೇಳುತ್ತಾರೆ. ತಾಯಿ ತಲೆಯಾಡಿಸಿ ಹೋಗುತ್ತಾಳೆ. ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಎಷ್ಟೋ ಮನೆಗಳಲ್ಲಿ ತಂದೆಯದೂ ಕೊನೆಯ ಮಾತಲ್ಲ. ಸಂಬಂಧ ಸೋದರಮಾವನೊಂದಿಗೆ ಅಥವಾ ಸೋದರತ್ತೆಯ ಮಗನೊಂದಿಗೆ ಇದ್ದರೆ, “ನನ್ನ ಕಣ್ಣ ಮುಂದ ಆಗಲಿ” ಎಂದು ಹಟ ಹಿಡಿದ ಅಜ್ಜಿಯೇ ಮೂಲ. ಇಲ್ಲವಾದರೆ ಸಾಲ ಕೊಟ್ಟ ದೊಡ್ಡಪ್ಪ, ಬೆಂಗಳೂರಿಗೆ ಗುಳೆ (ಕೂಲಿ ಅರಸಿ ಹೋಗುವ ವಲಸೆ) ಕರೆದೊಯ್ಯುವ ಮೇಸ್ತ್ರಿ, ಮಠದ ಅಜ್ಜಾರು, ದರ್ಗಾದ ಹಿರಿಯರು, ಚರ್ಚಿನ ಫಾದರ್.

ಹುಡುಗಿಯನ್ನೇ ಕೇಳಿ: “ಮನ್ಯಾಗ ಯಾರ ಮಾತು ಕೇಳ್ತಾರ?” ಅವಳಿಗೆ ಸರಿಯಾಗಿ ಗೊತ್ತಿರುತ್ತದೆ. ಇದೇ ಹೊತ್ತಿಗೆ ಅವಳಿಗೆ ಏನು ಬೇಕು ಎಂಬುದನ್ನೂ ಕೇಳಿ. ಅವಳು ಹೇಳಿದ್ದು ಎಲ್ಲೂ ಬಾಯಿ ಬಿಡಬೇಡಿ. “ನಿಮ್ಮ ಮಗಳೇ ಹೇಳಿದಳು” ಎಂಬ ಒಂದೇ ವಾಕ್ಯದಿಂದ ಅವಳ ಮೈಮೇಲೆ ಬಾಸುಂಡೆ ಬರಬಹುದು, ಶಾಲೆಯಂತೂ ಅಂದೇ ನಿಲ್ಲುತ್ತದೆ. ನಿಮಗೆ ಸುದ್ದಿ ತಿಳಿದದ್ದು ಹೇಗೆ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ತಯಾರಿರಲಿ: “ಹಾಜರಿ ಕಡಿಮಿ ಆಗೈತಿ, ಅದಕ್ಕ ವಿಚಾರಿಸಾಕ ಬಂದೆ.”

ಹಂತ 3: ಮೊದಲ ಭೇಟಿಯಲ್ಲಿ ಕೇಳಿ, ಹೇಳಬೇಡಿ

ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಿ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ, ಸಿಕ್ಕರೂ ಕೂತು ಮಾತಾಡುವ ಪುರುಸೊತ್ತು ಇರುವುದಿಲ್ಲ. ಎತ್ತು ಹೂಡದ ಸೋಮವಾರ, ಅಮವಾಸ್ಯೆ, ಇಲ್ಲವೇ ಸಂಜೆ ಊಟಕ್ಕೆ ಮುಂಚಿನ ಹೊತ್ತು ಆರಿಸಿಕೊಳ್ಳಿ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗ ಮಾತು ಎತ್ತಬೇಡಿ. ಎಲ್ಲರ ಮುಂದೆ “ಇಲ್ಲ” ಅಂದವರು ಆಮೇಲೆ “ಹೂಂ” ಅನ್ನುವುದು ಕಷ್ಟ.

ಚಹಾ ಕೊಟ್ಟರೆ ಕುಡಿಯಿರಿ. ಮಳೆ, ಕಾಲುವೆ ನೀರು, ಹತ್ತಿಯ ರೇಟು, ಇವುಗಳ ಮಾತು ಮೊದಲು ಆಗಲಿ. ಆಮೇಲೆ ತೆರೆದ ಪ್ರಶ್ನೆ ಕೇಳಿ. ತೆರೆದ ಪ್ರಶ್ನೆ ಎಂದರೆ “ಹೌದು”, “ಇಲ್ಲ” ಎಂಬ ಒಂದೇ ಮಾತಿನಲ್ಲಿ ಮುಗಿಯದ ಪ್ರಶ್ನೆ. “ಹದಿನೆಂಟು ಆಗೈತೇನು?” ಎಂದು ಕೇಳಿದರೆ ಅದು ವಿಚಾರಣೆ. “ಮಗಳ ಬಗ್ಗೆ ಏನು ವಿಚಾರ ಮಾಡೀರಣ್ಣಾ?” ಎಂದರೆ ಅವರು ಬಾಯಿ ಬಿಡುತ್ತಾರೆ. “ಇದ ವರ್ಸನ ಮಾಡಬೇಕಂತ ಯಾಕ ಅನಸ್ತು?” ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಉತ್ತರ ಬರುವಾಗ ನಡುವೆ ಬಾಯಿ ಹಾಕಬೇಡಿ, ತಿದ್ದಬೇಡಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ: “ಅಂದರ, ನೀವು ಬೆಂಗಳೂರಿಗೆ ಹೋದರ ಹಿಂದ ಈಕಿ ಒಬ್ಬಾಕಿ ಆಗ್ತಾಳ, ಅದ ಚಿಂತಿ.” ಎದುರಿನವರು “ಹೌದ್ರಿ, ಅದ ನೋಡ್ರಿ” ಎಂದರೆ ನೀವು ಸರಿಯಾದ ಜಾಗ ಮುಟ್ಟಿದ್ದೀರಿ.

ಇದಕ್ಕೆ ಕಾರಣವಿದೆ. ಒಬ್ಬರ ಆಯ್ಕೆಯನ್ನು ಹೊರಗಿನವರು ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದ ಕೂಡಲೇ ಮನುಷ್ಯ ಅದನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ಇದನ್ನು ವಿವರಿಸಿದರು. ಇದಕ್ಕೆ “ಎದುರು ಹಟ” ಎಂದು ಹೆಸರಿಟ್ಟುಕೊಳ್ಳೋಣ. “ನೀವು ತಪ್ಪು ಮಾಡಾಕತ್ತೀರಿ” ಎಂದು ಶುರುಮಾಡಿದರೆ ಅಲ್ಲಿಯವರೆಗೆ ಅರೆಮನಸ್ಸಿನಲ್ಲಿದ್ದ ತಂದೆಯೂ ಗಟ್ಟಿಯಾಗುತ್ತಾನೆ.

ಅರೆಮನಸ್ಸು ಎಂದೆ. ಅದು ಬಹುತೇಕ ಮನೆಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಹೊರಗೆ ತರಲು ಒಂದು ಉಪಾಯವಿದೆ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಪದ್ಧತಿಯಿಂದ ಬೆಳೆದದ್ದು ಇದು. ಬದಲಾಗಲು ಕಾರಣಗಳನ್ನು ನಾವು ಹೇಳುವ ಬದಲು ಎದುರಿನವರ ಬಾಯಿಂದಲೇ ಹೇಳಿಸುವುದು ಅದರ ತಿರುಳು. ನಮ್ಮ ಕಡೆ ಆಣೆಯ ಲೆಕ್ಕದಲ್ಲಿ ಕೇಳಿದರೆ ಚೆನ್ನಾಗಿ ನಡೆಯುತ್ತದೆ: “ಈ ಲಗ್ನಕ್ಕ ನಿಮಗ ಹದಿನಾರಾಣೆ ಒಪ್ಪಿಗಿ ಐತೇನು, ಇಲ್ಲಾ ಹನ್ನೆರಡಾಣೆ?” ತಂದೆ ಹನ್ನೆರಡು ಅಂದರೆ ಮುಂದಿನ ಪ್ರಶ್ನೆ: “ಉಳಿದ ನಾಲ್ಕಾಣೆ ಯಾಕ ಹಿಂದ ಉಳೀತು?” ಆಗ ಬರುವ ಉತ್ತರ, “ಇನ್ನಾ ಸಣ್ಣಾಕಿ ಅದಾಳ”, “ಚೊಲೊ ಓದತಿದ್ಲು”, “ಹಿರೇ ಮಗಳ ಹೆರಿಗ್ಯಾಗ ಭಾಳ ತ್ರಾಸ ಆಗಿತ್ತು”, ಇವು ಅವರದೇ ಕಾರಣಗಳು. ಇವುಗಳ ಮುಂದೆ ನಿಮ್ಮ ಯಾವ ಭಾಷಣವೂ ನಿಲ್ಲುವುದಿಲ್ಲ. ನೆನಪಿಟ್ಟುಕೊಳ್ಳಿ, ಮುಂದಿನ ಭೇಟಿಯಲ್ಲಿ ಇವುಗಳಿಂದಲೇ ಶುರುಮಾಡಬೇಕು.

ಮೊದಲ ದಿನ ಇಷ್ಟು ಸಾಕು. “ಮತ್ತ ಬರ್ತೀನಿ” ಎಂದು ಎದ್ದು ಬನ್ನಿ. ಯಾವ ಮಾತನ್ನೂ ಅಂದೇ ಒಪ್ಪಿಸಲು ಹೋಗಬೇಡಿ.

ಹಂತ 4: ಭಯಕ್ಕೆ ತಕ್ಕ ಉತ್ತರ ಒಯ್ಯಿರಿ

ಎರಡನೆಯ ಭೇಟಿಗೆ ಬರಿಗೈಯಲ್ಲಿ ಹೋಗಬೇಡಿ. ಹೆಚ್ಚಾಗಿ ಕೇಳಿಬರುವ ಕಾರಣಗಳನ್ನೂ ಅವುಗಳಿಗೆ ಒಯ್ಯಬಹುದಾದ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಒಂದೇ ಮನೆಯಲ್ಲಿ ಸುರಿಯಬೇಡಿ, ಆ ಮನೆಯ ಭಯ ಯಾವುದೋ ಅದಕ್ಕಷ್ಟೇ ಉತ್ತರ.

ಗುಳೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇದೇ ದೊಡ್ಡ ಕಾರಣ. ಗಂಡ-ಹೆಂಡತಿ ಕಟ್ಟಡ ಕೆಲಸಕ್ಕೆ ಹೊರಟರೆ ಹರೆಯದ ಮಗಳನ್ನು ಎಲ್ಲಿ ಬಿಡುವುದು? ಶೆಡ್ಡಿಗೆ ಕರೆದೊಯ್ಯಲು ಧೈರ್ಯವಿಲ್ಲ, ಊರಲ್ಲಿ ಮುದುಕರ ಹತ್ತಿರ ಬಿಡಲೂ ಧೈರ್ಯವಿಲ್ಲ. ಗಂಡನ ಮನೆಗೆ ಕಳಿಸಿದರೆ “ಜವಾಬ್ದಾರಿ ಮುಗೀತು.” ಈ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡಬೇಡಿ. ಇದಕ್ಕೆ ಉತ್ತರ ಹಾಸ್ಟೆಲ್. ಶಾಲೆ ಬಿಟ್ಟ, ಬಿಡುವಂತಿರುವ ಹೆಣ್ಣುಮಕ್ಕಳಿಗಾಗಿಯೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಅಲ್ಲಿ 6ನೇ ತರಗತಿಯಿಂದ ವಸತಿ ಸಹಿತ ಓದು. ಹತ್ತನೇ ಮುಗಿದವರಿಗೆ ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ತಾಲ್ಲೂಕು ಕೇಂದ್ರಗಳಲ್ಲಿವೆ. ಬಾಯಲ್ಲಿ ಹೇಳಿ ಬಿಡಬೇಡಿ. ತಾಯಿಯನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ. ಕೋಣೆ, ಬಾಗಿಲ ಚಿಲಕ, ಊಟದ ಮನೆ ನೋಡಲಿ. ವಾರ್ಡನ್ ಜೊತೆ ಅವಳೇ ಮಾತಾಡಲಿ. ಅರ್ಜಿ ತುಂಬಲು ಜಾತಿ, ಆದಾಯ ಪ್ರಮಾಣಪತ್ರ ಬೇಕು. ಅವುಗಳಿಗೆ ನಾಡಕಚೇರಿಗೆ ನೀವೇ ಜೊತೆಯಾಗಿ. ಅಲ್ಲಿ ಸಾಲಿನಲ್ಲಿ ನಿಂತ ಒಂದು ಮಧ್ಯಾಹ್ನ ಹತ್ತು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಪರೀಕ್ಷೆಯಲ್ಲಿ ಫೇಲು. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಲಗ್ನಗಳ ಸುಗ್ಗಿಯಲ್ಲೇ. “ಫೇಲಾದ್ಲು, ಇನ್ನ ಮನ್ಯಾಗ ಕುಂತು ಏನ್ ಮಾಡ್ತಾಳ?” 2024ರಿಂದ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಎಷ್ಟೋ ಪಾಲಕರಿಗೆ ಇದು ಗೊತ್ತಿಲ್ಲ. ಯಾವ ವಿಷಯದಲ್ಲಿ ಹೋಗಿದೆ ನೋಡಿ, ಅರ್ಜಿ ಹಾಕಿಸಿ, ಆ ವಿಷಯ ಹೇಳಿಕೊಡಲು ಒಬ್ಬರನ್ನು ಗೊತ್ತು ಮಾಡಿ.

ಕಾಲೇಜು ದೂರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಆದ್ದರಿಂದ ಖರ್ಚಿನ ಮಾತು ಹೆಚ್ಚು ಉಳಿದಿಲ್ಲ. ಉಳಿದಿರುವುದು ಹೊತ್ತಿನ ಮಾತು: ಸಂಜೆ ಬಸ್ಸು ಎಷ್ಟಕ್ಕೆ, ಇಳಿದು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆಯೇ. ಅದೇ ಊರಿನ ಇನ್ನೂ ಇಬ್ಬರು ಹುಡುಗಿಯರು ಹೋಗುತ್ತಿದ್ದರೆ ಆ ಮನೆಯವರನ್ನು ಭೇಟಿ ಮಾಡಿಸಿ. ಕಲ್ಯಾಣ ಕರ್ನಾಟಕಕ್ಕೆ ಇರುವ 371(ಜೆ) ಮೀಸಲಾತಿ, ಅಂದರೆ ಈ ಭಾಗದವರಿಗೆ ಕಾಲೇಜು ಸೀಟು ಮತ್ತು ಸರ್ಕಾರಿ ಹುದ್ದೆಗಳಲ್ಲಿ ಇಟ್ಟಿರುವ ಪಾಲು, ತಂದೆಯರ ಕಿವಿ ನಿಮಿರಿಸುವ ವಿಷಯ. ಆದರೆ “ಓದಿದರ ನೌಕರಿ ಸಿಕ್ಕ ಸಿಗ್ತತಿ” ಎಂಬ ಭರವಸೆ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ಖರ್ಚು. “ಹಿರೇ ಮಗಳ ಹಂದರದಾಗ ಕಿರೇಳದ್ದೂ ಮುಗಿಸಿಬಿಟ್ರ ಒಂದ ಖರ್ಚು.” “ಜಾತ್ರ್ಯಾಗ ಸಾಮೂಹಿಕ ಐತಿ, ತಾಳಿ, ಬಟ್ಟಿ ಅವರ ಕೊಡ್ತಾರ.” ದುಡ್ಡಿನ ಮಾತಿಗೆ ದುಡ್ಡಿನಲ್ಲೇ ಉತ್ತರ ಬೇಕು. ಜಾತ್ರೆ ಮುಂದಿನ ವರ್ಷವೂ ಇದೆ, ಅಲ್ಲಿಯೂ ವಯಸ್ಸಿನ ದಾಖಲೆ ಕೇಳುತ್ತಾರೆ. ಹುಡುಗಿಯ ಹೆಸರಿನಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ಎಂದು ಕೇಳಿ. 2006–07ರಿಂದ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳಿಗೆ ಮಾಡಿಸಿದ್ದು ಅದು. 18 ತುಂಬುವ ಮೊದಲು ಮದುವೆಯಾದರೆ ಅದರ ಹಣಕ್ಕೆ ಹಕ್ಕಿಲ್ಲ. ಟ್ರಂಕಿನ ತಳದಲ್ಲಿ ಬಾಂಡ್ ಇದ್ದೂ ಈ ಷರತ್ತು ಮರೆತ ಮನೆಗಳು ಬಹಳ. ಹೊರಗೆ ತೆಗೆಸಿ, ಓದಿ ಹೇಳಿ.

ಒಂದು ಎಚ್ಚರಿಕೆ: ಬರೀ ದುಡ್ಡಿನ ಆಸೆಯ ಮೇಲೆ ನಿಲ್ಲಬೇಡಿ. ಹರಿಯಾಣದಲ್ಲಿ 1994ರಲ್ಲಿ ಇಂಥದೇ ಬಾಂಡ್ ಯೋಜನೆ ಬಂತು. ಆ ಹುಡುಗಿಯರಿಗೆ 18 ಆದ ಮೇಲೆ ಪರಿಶೀಲಿಸಿದಾಗ, ಮದುವೆಯ ವಯಸ್ಸು ಅದರಾಚೆ ಸರಿದಿರಲಿಲ್ಲ, ಎಷ್ಟೋ ಮನೆಗಳು ಆ ಹಣವನ್ನು ಮದುವೆಗೇ ಬಳಸಿದ್ದವು. ಬಾಂಗ್ಲಾದೇಶದ ಅನುಭವ ಸ್ವಲ್ಪ ಬೇರೆ. ಮದುವೆಯಾಗದೆ ಉಳಿದ ಹುಡುಗಿಯ ಮನೆಗೆ ಕೆಲವು ತಿಂಗಳಿಗೊಮ್ಮೆ ಅಡುಗೆ ಎಣ್ಣೆ ಕೊಟ್ಟರು, ಬಾಲ್ಯವಿವಾಹ ಕಡಿಮೆಯಾಯಿತು. ಅಲ್ಲಿಯೇ ಹುಡುಗಿಯರಿಗೆ ತಿಳಿವಳಿಕೆ ತರಗತಿ ಮಾತ್ರ ನಡೆಸಿದ ಹಳ್ಳಿಗಳಲ್ಲಿ ಮದುವೆಯ ವಯಸ್ಸು ಕದಲಲಿಲ್ಲ. ಹುಡುಗಿಗೆ ತಿಳಿವಳಿಕೆ ಬೇಡ ಎಂದಲ್ಲ. ಆದರೆ ತೀರ್ಮಾನ ಅವಳ ಕೈಯಲ್ಲಿ ಇಲ್ಲದಿರುವಾಗ ಭಾಷಣವನ್ನೆಲ್ಲ ಅವಳಿಗೇ ಮಾಡುವುದು ಅನ್ಯಾಯ.

ಪ್ರೀತಿಯ ಗುಮಾನಿ. ಫೋನಿನಲ್ಲಿ ಯಾರೊಂದಿಗೋ ಮಾತಾಡಿದಳು, ಯಾರೋ ನೋಡಿದರು, ಹದಿನೈದು ದಿನದಲ್ಲಿ ಲಗ್ನ. ನಾನು ಕಂಡಂತೆ ಇದು ಎಲ್ಲಕ್ಕಿಂತ ಕಠಿಣ ಸಂದರ್ಭ. ಇಲ್ಲಿ ಹುಡುಗಿಯ ಪರ ವಕೀಲಿಕೆ ಮಾಡಿದರೆ ನೀವೂ ಗುಮಾನಿಗೆ ಒಳಗಾಗುತ್ತೀರಿ. ಹುಡುಗಿ ಗೌರವಿಸುವ, ತಾಯಿ ನಂಬುವ ಒಬ್ಬ ಹೆಂಗಸಿನ ಮೂಲಕವೇ ಮಾತು ಹೋಗಬೇಕು. ಕೆಲವು ತಿಂಗಳು ಚಿಕ್ಕಮ್ಮನ ಮನೆ ಅಥವಾ ಹಾಸ್ಟೆಲ್ ಎಂಬ ನಡುವಿನ ದಾರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹುಡುಗಿಗೆ ಪೆಟ್ಟು ಬೀಳುವ ಸೂಚನೆ ಕಂಡರೆ ನೇರ 1098.

ಆರೋಗ್ಯದ ಮಾತನ್ನು ಅಜ್ಜಿ, ತಾಯಿಯೊಂದಿಗೆ ಆಶಾ ಅಥವಾ ಎಎನ್‌ಎಂ ಸಿಸ್ಟರ್ ಆಡಲಿ. ಹತ್ತೊಂಬತ್ತರ ಒಳಗೆ ಬಸುರಾದವರಲ್ಲಿ ನಂಜು ಏರಿ ಫಿಟ್ಸ್ ಬರುವ ಅಪಾಯ, ಹೆರಿಗೆಯ ನಂತರ ಸೋಂಕಿನ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸಿನ ತೂಕವೂ ಕಡಿಮೆ ಇರುತ್ತದೆ. ಹೆದರಿಸುವ ಫೋಟೊ, ವಿಡಿಯೊ ತೋರಿಸಬೇಡಿ. ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕಡಿಮೆ ಬಂದರೆ “ಮೊದಲ ಈಕಿ ಮೈಗೆ ರಕ್ತ ಆಗಲಿ” ಎಂಬ ಮಾತನ್ನು ಯಾವ ಅಜ್ಜಿಯೂ ತಳ್ಳಿಹಾಕುವುದಿಲ್ಲ.

ಹಂತ 5: “ಬ್ಯಾಡ” ಅನ್ನಬೇಡಿ, “ಮುಂದಕ್ಕ ಹಾಕ್ರಿ” ಅನ್ನಿ

ಮಾತುಕತೆ ಆಗಿ, ಎಲೆ-ಅಡಿಕೆ ಬದಲಾದ ಮೇಲೆ ಸಂಬಂಧ ಮುರಿಯುವುದು ಅಂದರೆ ಆ ಮನೆಗೆ ಅವಮಾನ. ಮುರಿಯಿರಿ ಎಂದು ನೀವು ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ದಿನ ಮುಂದೆ ಹಾಕುವುದು ಅಷ್ಟು ಕಷ್ಟವಲ್ಲ. ಮನೆಯಲ್ಲಿ ಸಾವು, ಬೆಳೆನಷ್ಟ, ಪರೀಕ್ಷೆ, ಮೈಯಲ್ಲಿ ಹುಷಾರಿಲ್ಲ, ಹೀಗೆ ನೂರು ಕಾರಣಕ್ಕೆ ಲಗ್ನಗಳು ಮುಂದೆ ಹೋಗುತ್ತವೆ, ಯಾರೂ ತಪ್ಪು ತಿಳಿಯುವುದಿಲ್ಲ. ಆ ಮನೆಗೆ ಒಪ್ಪುವಂಥ ನಿಜವಾದ ಒಂದು ಕಾರಣ ಹುಡುಕಿಕೊಡಿ. ಎಷ್ಟೋ ಸಲ ಆ ಕಾರಣ ನೀವೇ ಆಗಬೇಕಾಗುತ್ತದೆ. “ಸಾಲಿ ಟೀಚರು ಬೆನ್ನ ಹತ್ಯಾರ, ದಾಖಲಿ ತೆಗಿಸ್ಯಾರ” ಎಂದು ತಂದೆ ಬೀಗರಿಗೆ ಹೇಳಲಿ ಬಿಡಿ. ಕೆಟ್ಟ ಹೆಸರು ನಿಮ್ಮ ಮೇಲೆ ಬಂದು ಹುಡುಗಿ ಶಾಲೆಗೆ ಬಂದರೆ ಅದು ಒಪ್ಪತಕ್ಕ ವ್ಯಾಪಾರ.

ಮುಂದಕ್ಕೆ ಎಂದರೆ ಎಷ್ಟು? ಮೊದಲೇ “ಡಿಗ್ರಿ ಮುಗಿಯೋತನಕ” ಎಂದು ಕೇಳಿದರೆ ಗಾಬರಿಯಾಗುತ್ತಾರೆ. “ಈ ಪರೀಕ್ಷಿ ಮುಗೀಲಿ”, ಆಮೇಲೆ “ಪಿಯುಸಿ ಆಗಲಿ”, ಹೀಗೆ ಒಂದೊಂದೇ ಮೈಲುಗಲ್ಲು ದಾಟಿಸಿ. ಆದರೆ ಕೊನೆಯ ಗೆರೆ 18 ಎಂಬುದರಲ್ಲಿ ಒಂದು ದಿನದ ರಿಯಾಯಿತಿಯೂ ಬೇಡ. “ಈಗ ನಿಶ್ಚಯ, ಅಕ್ಕಿಕಾಳು ಆಮೇಲೆ” ಎಂಬ ರಾಜಿಗೆ ನೀವು ಸಾಕ್ಷಿಯಾಗಿ ನಿಲ್ಲಬಾರದು. ನಿಶ್ಚಯಕ್ಕೆ ಹಾಕಿದ ಹಂದರ ಲಗ್ನಕ್ಕೂ ಸಾಕಾಗುತ್ತದೆ.

ಹಂತ 6: ಗಂಡಿನ ಮನೆಗೂ ಹೋಗಿ

ಇದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಹೆಣ್ಣಿನ ತಂದೆ ಒಪ್ಪಿದರೂ ಬೀಗರು “ಹಂಗಾದರ ನಾವು ಬ್ಯಾರೆ ಕಡೆ ನೋಡ್ತೀವಿ” ಅಂದರೆ ಎಲ್ಲ ಮೊದಲಿನಂತೆ ಆಗುತ್ತದೆ. ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟಿ ಚಿಕ್ಕದು ಮಾಡುವ ಕ್ರೂರ ಪದ್ಧತಿ ಶತಮಾನಗಳಷ್ಟು ಹಳೆಯದು. ಕಟ್ಟದಿದ್ದರೆ ಗಂಡು ಸಿಗುವುದಿಲ್ಲವೆಂಬ ಭಯವೇ ಅದನ್ನು ಉಳಿಸಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ವಿರುದ್ಧ ಹುಟ್ಟಿದ ಸಂಘಗಳಲ್ಲಿ ಸದಸ್ಯರು ಎರಡು ಪ್ರಮಾಣ ಮಾಡುತ್ತಿದ್ದರು: ಮಗಳ ಪಾದ ಕಟ್ಟುವುದಿಲ್ಲ, ಮಗನಿಗೆ ಪಾದ ಕಟ್ಟಿದ ಹೆಣ್ಣು ತರುವುದಿಲ್ಲ. ಎರಡನೆಯ ಪ್ರಮಾಣವೇ ಹೆಣ್ಣು ಹೆತ್ತವರ ಭಯ ಕಳೆಯಿತು. ನಮಗೂ ಅದೇ ದಾರಿ. ಗಂಡಿನವರು “ಕಾಯ್ತೀವಿ” ಅಂದುಬಿಟ್ಟರೆ ಹೆಣ್ಣಿನ ಮನೆಯ ಭಾರ ಅರ್ಧ ಇಳಿಯುತ್ತದೆ.

ಗಂಡಿನ ಮನೆಯಲ್ಲಿ ಕಾನೂನಿನ ಮಾತು ಬೇಗ ಎತ್ತಬಹುದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ವಯಸ್ಕ ವರನಿಗೇ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. 18 ತುಂಬದ ಹೆಂಡತಿಯೊಂದಿಗೆ ದೇಹಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ಹೆರಿಗೆಗೆ ಆಸ್ಪತ್ರೆಗೆ ಹೋದಾಗ ವಯಸ್ಸು ಬಯಲಾಗಿ ಗಂಡನ ಮೇಲೆ ಪೋಕ್ಸೊ ಪ್ರಕರಣ ದಾಖಲಾಗುತ್ತದೆ. ಪೋಕ್ಸೊ ಎಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಕಾಯ್ದೆ. ಮಗನ ಮೇಲೆ ಪ್ರೀತಿ ಇರುವ ತಾಯಿಗೆ ಇದನ್ನು ಶಾಂತವಾಗಿ ಹೇಳಿದರೆ ಸಾಕು, ದನಿ ಏರಿಸುವ ಅಗತ್ಯವಿಲ್ಲ.

ಹಂತ 7: ಕಾನೂನನ್ನು ಯಾವಾಗ ಹೇಳಬೇಕು, ಹೇಗೆ?

ಹೆಣ್ಣಿನ ಮನೆಯಲ್ಲಿ ಮೊದಲ ಭೇಟಿಗೇ ಕಾನೂನು ಎಂದರೆ ಬಾಗಿಲು ಮುಚ್ಚುತ್ತದೆ, ಹೇಳದೆಯೇ ಬಿಟ್ಟರೆ ಅವರಿಗೆ ಮೋಸ ಮಾಡಿದಂತೆ. ಅವರ ಭಯದ ಮಾತು ಮುಗಿದು ನಂಬಿಕೆ ಹುಟ್ಟಿದ ಮೇಲೆ, ಬೆದರಿಕೆಯ ದನಿ ಇಲ್ಲದೆ, ಅವರನ್ನು ಕಾಪಾಡುವ ಮಾಹಿತಿಯಾಗಿ ಹೇಳಿ. ಹೆಣ್ಣಿಗೆ 18, ಗಂಡಿಗೆ 21. ಮಾಡಿಸಿದ ತಂದೆ-ತಾಯಿ, ಮಂತ್ರ ಹೇಳಿದ ಪುರೋಹಿತರು, ಭಾಗವಹಿಸಿದ ಬಂಧುಗಳು ಎಲ್ಲರ ಮೇಲೂ ಪ್ರಕರಣ ಆಗಬಹುದು, ಸುಲಭಕ್ಕೆ ಜಾಮೀನಿಲ್ಲ. ಕರ್ನಾಟಕದ 2016ರ ತಿದ್ದುಪಡಿಯಂತೆ ಇಂಥ ಮದುವೆ ಮೊದಲ ದಿನದಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಮದುವೆ ಆಗಿಯೇ ಇಲ್ಲ. “ನಾಳೆ ಅಳಿಯ ಕೈಬಿಟ್ಟರ ನಿಮ್ಮ ಮಗಳ ಗತಿ ಏನು?” ಎಂಬ ಪ್ರಶ್ನೆಯನ್ನು ಇಲ್ಲಿ ಒಮ್ಮೆ ಕೇಳಿ, ಸುಮ್ಮನಿರಿ.

ತಡೆಯಾಜ್ಞೆ ಬಗ್ಗೆಯೂ ತಿಳಿದಿರಿ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಲಗ್ನಕ್ಕೆ ಮೊದಲೇ ಅದನ್ನು ನಿಲ್ಲಿಸುವ ಆದೇಶ ಕೊಡಬಲ್ಲರು. ಬಾಲ್ಯವಿವಾಹ ನಿಷೇಧಾಧಿಕಾರಿ ಅರ್ಜಿ ಹಾಕಬಹುದು, ಯಾರೇ ಕೊಟ್ಟ ಮಾಹಿತಿಯ ಮೇಲೂ ಆದೇಶ ಆಗಬಹುದು. ತಾಲ್ಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರ್, ಊರಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಈ ಅಧಿಕಾರಿಗಳಾಗಿರುತ್ತಾರೆ. ಅಕ್ಷಯ ತೃತೀಯಾದಂಥ ದಿನಗಳ ಸಾಮೂಹಿಕ ಬಾಲ್ಯವಿವಾಹ ತಡೆಯಲು ಕಾಯ್ದೆ ಜಿಲ್ಲಾಧಿಕಾರಿಗೇ ಆ ಹೊಣೆ ಹೊರಿಸಿದೆ. ಮದುವೆಗೆ ದೂಡುವ ಅಪಾಯದಲ್ಲಿರುವ ಹುಡುಗಿಗೆ ಆಶ್ರಯ ಬೇಕಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇದೆ.

ಸುಳ್ಳು ಮಾತ್ರ ಹೇಳಬೇಡಿ. “ರೇಷನ್ ಕಾರ್ಡ್ ಕಿತ್ತು ಹಾಕ್ತಾರ” ಎಂದು ಕೆಲವರು ಹೆದರಿಸುತ್ತಾರೆ. ಅದು ಸುಳ್ಳೆಂದು ಗೊತ್ತಾದ ದಿನ ನೀವು ಹೇಳಿದ ನಿಜವೂ ಸುಳ್ಳಾಗುತ್ತದೆ.

ಹಂತ 8: ಒಪ್ಪಿಗೆಯನ್ನು ನಾಲ್ಕು ಜನರ ಮುಂದೆ ಆಡಿಸಿ

ಮನೆಯೊಳಗೆ “ಹೂಂ” ಅಂದದ್ದು ಬೀಗರ ಒಂದು ಫೋನಿಗೆ ಕರಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಒಳ್ಳೆಯ ಮಾಂಸದ ಕೊರತೆಯಾದಾಗ, ಗೃಹಿಣಿಯರು ಪ್ರಾಣಿಗಳ ಹೃದಯ, ಮೂತ್ರಪಿಂಡ ಮುಂತಾದವನ್ನೂ ಅಡುಗೆಗೆ ಬಳಸುವಂತೆ ಮಾಡಲು ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಎರಡು ಬಗೆ ಹೋಲಿಸಿ ನೋಡಿದರು. ಉಪನ್ಯಾಸ ಕೇಳಿ ಹೋದವರಲ್ಲಿ ಶೇ 3ರಷ್ಟು ಮಂದಿ ಅದನ್ನು ಅಡುಗೆ ಮಾಡಿದರು. ಗುಂಪಾಗಿ ಚರ್ಚಿಸಿ, ತಾವೇ ತೀರ್ಮಾನಿಸಿ, ಎಲ್ಲರೆದುರು ಕೈ ಎತ್ತಿದವರಲ್ಲಿ ಶೇ 32. ತಾನೇ ಆಡಿದ ಮಾತು, ನಾಲ್ಕು ಜನ ಕೇಳಿದ ಮಾತು ಮನುಷ್ಯನನ್ನು ಕಟ್ಟುತ್ತದೆ.

ಆದ್ದರಿಂದ ತಂದೆಯ ಮನಸ್ಸು ತಿರುಗಿದೆ ಎಂದು ಖಾತ್ರಿಯಾದ ಮೇಲೆ (ಮೊದಲಲ್ಲ), ಅವರು ಗೌರವಿಸುವ ಮೂವರು-ನಾಲ್ವರನ್ನು ಕೂರಿಸಿ. ದೈವದ (ಊರ ಸಮಾಜದ) ಹಿರಿಯರು, ಹುಡುಗಿಯ ಸೋದರಮಾವ, ಸಾಧ್ಯವಾದರೆ ಗಂಡಿನ ತಂದೆ. ನೀವು ಮಾತಾಡಬೇಡಿ. ತಂದೆಯೇ ಹೇಳಲಿ: “ನನ್ನ ಮಗಳು ಓದಾಕತ್ಯಾಳ, ಹದಿನೆಂಟು ತುಂಬಿದ ಮ್ಯಾಲೆ ನೋಡೋಣಂತ.” ಹುಡುಗಿಯನ್ನು ಎಲ್ಲರೆದುರು ಕರೆದು ನಿಲ್ಲಿಸಬೇಡಿ, ಫೋಟೊ ತೆಗೆಯಬೇಡಿ, “ಬಾಲ್ಯವಿವಾಹ ತಡೆದೆವು” ಎಂದು ಪತ್ರಿಕೆಗೆ, ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಡಿ. ಒಂದು ಫೋಟೊ ಸಾಕು, ಆ ತಂದೆ ಮತ್ತೆಂದೂ ನಿಮ್ಮ ಮುಖ ನೋಡುವುದಿಲ್ಲ, ಊರಿನ ಉಳಿದ ಮನೆಗಳೂ ನಿಮಗೆ ಮುಚ್ಚುತ್ತವೆ.

ಹಂತ 9: ದಿನ ಮುಂದೆ ಹೋದ ಮೇಲೆ

ಇನ್ನು ಬಿಡಬಹುದು ಎಂದುಕೊಂಡಲ್ಲೇ ಕೆಲಸ ಕೆಡುತ್ತದೆ. ಒಪ್ಪಿದ ಮನೆ ಮತ್ತೆ ಅಲುಗಾಡುವ ಹೊತ್ತುಗಳು ಗೊತ್ತಿರುವವೇ: ಗುಳೆ ಹೊರಡುವ ವಾರ, ಫಲಿತಾಂಶ ಬಂದ ದಿನ, ಊರ ಜಾತ್ರೆ, ಅಕ್ಷಯ ತೃತೀಯಾ, ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ಹೊತ್ತಿಗೆ ಸರಿಯಾಗಿ ಹೋಗಿ ಬನ್ನಿ. ಹೋದಾಗ ಲಗ್ನದ ಮಾತು ಎತ್ತಬೇಡಿ. ಹಾಸ್ಟೆಲ್ ಊಟ ಹೇಗಿದೆ, ವಿದ್ಯಾರ್ಥಿವೇತನ ಖಾತೆಗೆ ಬಂತೇ, ಬಸ್ಸು ಸಿಗುತ್ತದೆಯೇ ಎಂದು ವಿಚಾರಿಸಿ. ವಿದ್ಯಾರ್ಥಿವೇತನ ಬಾರದಿದ್ದರೆ ಯಾರ ಕಚೇರಿಗೆ ಹೋಗಬೇಕು ಎಂದು ತಿಳಿಸಿ, ಆಗುವುದಾದರೆ ಜೊತೆಗೆ ಹೋಗಿ.

ಹುಡುಗಿಯ ಬಳಿ ಎರಡು ವಿಷಯ ಇರಲಿ: 1098 ಸಂಖ್ಯೆ ಬಾಯಿಪಾಠ, ಮತ್ತು ನಿಮ್ಮ ಜೊತೆ ಗೊತ್ತು ಮಾಡಿಕೊಂಡ ಒಂದು ಸುಳಿವಿನ ಮಾತು. ಅವಳ ಕೈಗೆ ಫೋನ್ ಸಿಗದಿದ್ದರೆ ಗೆಳತಿಯ ಮೂಲಕ “ನೋಟ್ಸ್ ಬೇಕಾಗಿತ್ತು” ಎಂದು ಹೇಳಿಕಳಿಸಿದರೂ ಸಾಕು, ಏನೋ ನಡೆದಿದೆ ಎಂದು ನಿಮಗೆ ತಿಳಿಯಬೇಕು. ಅವಳು ಹೇಳದೆ ಕೇಳದೆ ಮೂರು ದಿನ ಶಾಲೆಗೆ ಬರದಿದ್ದರೆ ನಾಲ್ಕನೆಯ ದಿನದವರೆಗೆ ಕಾಯಬೇಡಿ. ಅಂದೇ ಮನೆಗೆ ಹೋಗಿ, ಮನೆಗೆ ಬೀಗ ಹಾಕಿದ್ದರೆ ಅಲ್ಲಿಂದಲೇ 1098ಕ್ಕೆ ಕರೆ ಮಾಡಿ.